ರೀಲೋಡ್ ಮಾಡಿದ ತೋಟಾ ಸಿಕ್ಕಿಕೊಳ್ಳುತ್ತಿದೆಯೇ? ಮೊದಲು ತೋಟಾವನ್ನೇ ನೋಡಿ

ಸೆಮಿ ಆಟೊಮ್ಯಾಟಿಕ್ ರೈಫಲ್ಲಿನಲ್ಲಿ ರೀಲೋಡ್ ಮಾಡಿದ, ಅಂದರೆ ಹೊಡೆದ ಹಿತ್ತಾಳೆ ಕವಚಕ್ಕೆ (ಕೇಸ್) ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಹಾಕಿ ಕೈಯಾರೆ ತುಂಬಿದ ತೋಟಾ ಸಿಕ್ಕಿಕೊಂಡ ಕೂಡಲೇ ಸ್ಪ್ರಿಂಗ್ ಬದಲಿಸುವುದು, ತೋಟಾವನ್ನು ನಳಿಗೆಯ ಬುಡಕ್ಕೆ ಜಾರಿಸುವ ಫೀಡ್ ರ‍್ಯಾಂಪ್ ಉಜ್ಜುವುದು ಶುರುವಾಗುತ್ತದೆ. ಅದಕ್ಕೆ ಮೊದಲು ಅದೇ ಮ್ಯಾಗಜಿನ್ನಿಗೆ 20 ಕಾರ್ಖಾನೆ ತೋಟಾ ತುಂಬಿ ಹೊಡೆಯಿರಿ. ಅವು ಸಲೀಸಾಗಿ ಓಡಿದರೆ ರೈಫಲ್ ಮುಟ್ಟಬೇಡಿ, ತಪ್ಪು ಇರುವುದು ತೋಟಾ ತುಂಬುವ ಪ್ರೆಸ್ ಯಂತ್ರ ಇಟ್ಟ ಮೇಜಿನ ಮೇಲೆ. ಅವೂ ಸಿಕ್ಕಿಕೊಂಡರೆ ಇನ್ನೊಂದು ಮ್ಯಾಗಜಿನ್ ಹಾಕಿ ನೋಡಿ. ಪ್ರತಿ ಮ್ಯಾಗಜಿನ್ನಿನ ತಳಕ್ಕೂ ಒಂದು ನಂಬರ್ ಬರೆದಿಟ್ಟಿದ್ದರೆ ತೋಟಾ ಹಿಡಿಯುವ ಮೇಲಂಚಿನ ತುಟಿ ಬಾಗಿದ್ದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಸಿಕ್ಕಿಕೊಂಡಾಗ ಬೋಲ್ಟನ್ನು (ತೋಟಾ ಒಳಗೆ ತಳ್ಳಿ ನಳಿಗೆಯ ಬುಡ ಮುಚ್ಚುವ ಭಾಗ) ಥಟ್ಟನೆ ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಮ್ಯಾಗಜಿನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಲ್ಲಿ ನಿಂತಿದೆ ನೋಡಿ. ಗುಂಡಿನ ಮೂಗು ರ‍್ಯಾಂಪಿಗೆ ಚುಚ್ಚಿಕೊಂಡಿದೆಯೇ, ತೋಟಾ ಒಳಗೆ ಹೋಗಿಯೂ ಬೋಲ್ಟ್ ಕೂದಲೆಳೆಯಷ್ಟು ತೆರೆದೇ ಇದೆಯೇ, ಅಥವಾ ಖಾಲಿ ಕೇಸ್ ಹೊರಗೆ ಹಾರದೆ ಉಳಿದಿದೆಯೇ? ಮೂರಕ್ಕೂ ಕಾರಣ ಬೇರೆ ಬೇರೆ. ಬೋಲ್ಟನ್ನು ಮುಂದಕ್ಕೆ ತಳ್ಳುವ ಫಾರ್ವರ್ಡ್ ಅಸಿಸ್ಟ್ ಗುಂಡಿಯನ್ನು ಗುದ್ದಿ ಮುಚ್ಚಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ, ತೋಟಾ ಇನ್ನಷ್ಟು ಬಿಗಿಯಾಗುತ್ತದೆ.

ಹೆಚ್ಚಾಗಿ ಕಾಣುವುದು ಎರಡನೆಯದು, ಬೋಲ್ಟ್ ಪೂರ್ತಿ ಮುಚ್ಚದಿರುವುದು. ಇದಕ್ಕೆ ಒಂದು ಅಗ್ಗದ ಪರೀಕ್ಷೆ ಇದೆ. ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ನಳಿಗೆಯನ್ನು ನೆಲದತ್ತ ಹಿಡಿಯಿರಿ. ಸೈಜ್ ಮಾಡಿದ, ಅಂದರೆ ಡೈ ಎಂಬ ಅಚ್ಚಿನಲ್ಲಿ ಹಿಂಡಿ ಮತ್ತೆ ಅಳತೆಗೆ ತಂದ ಖಾಲಿ ಕೇಸನ್ನು ಚೇಂಬರಿಗೆ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು) ಬಿಡಿ. ಅದು ಟಕ್ಕೆಂದು ಕೂತು, ನಳಿಗೆ ಮೇಲೆತ್ತಿದಾಗ ತಾನೇ ಜಾರಿ ಬಿದ್ದರೆ ಸೈಜಿಂಗ್ ಸರಿ ಇದೆ. ಈಗ ಪ್ರೈಮರೂ ಮದ್ದೂ ಇಲ್ಲದ, ಗುಂಡು ಕೂರಿಸಿ ಕ್ರಿಂಪ್ ಮಾಡಿದ (ಕೇಸಿನ ಬಾಯನ್ನು ಗುಂಡಿನ ಸುತ್ತ ಒತ್ತಿ ಬಿಗಿ ಮಾಡಿದ) ಡಮ್ಮಿ ಬಿಡಿ. ಖಾಲಿ ಕೇಸ್ ಇಳಿದು ಡಮ್ಮಿ ಇಳಿಯದಿದ್ದರೆ ತಪ್ಪು ಸೈಜಿಂಗಿನ ನಂತರದ ಹಂತದಲ್ಲಿದೆ.

ಇಳಿಯದ್ದಕ್ಕೆ ಕಪ್ಪು ಮಾರ್ಕರ್ ಬಳಿದು, ಬೆರಳಿನಿಂದ ಒತ್ತಿ ತಿರುಗಿಸಿ ಹೊರತೆಗೆಯಿರಿ. ಮಸಿ ಎಲ್ಲಿ ಕಿತ್ತು ಹಿತ್ತಾಳೆ ಹೊಳೆಯುತ್ತಿದೆಯೋ ಅಲ್ಲೇ ರೋಗ. ಭುಜದ, ಅಂದರೆ ಕೇಸಿನ ಮೈ ಸಣ್ಣಗಾಗಿ ಕುತ್ತಿಗೆಗೆ ಸೇರುವ ಇಳಿಜಾರಿನ ಮೇಲೆ ಉಜ್ಜಿದ್ದರೆ ಸೈಜಿಂಗ್ ಡೈ ಸಾಕಷ್ಟು ಇಳಿದಿಲ್ಲ. ಭುಜವೂ ಮೈಯೂ ಸೇರುವ ಮೂಲೆಯಲ್ಲಿ ಉಂಗುರದಂತೆ ಉಜ್ಜಿದ್ದರೆ ಕ್ರಿಂಪ್ ಅತಿಯಾಗಿ ಭುಜ ಕುಸಿದು ಪಕ್ಕಕ್ಕೆ ಉಬ್ಬಿದೆ. ಬುಡದ ದಪ್ಪ ಭಾಗದ ಸ್ವಲ್ಪ ಮೇಲೆ ಉಜ್ಜಿದ್ದರೆ ಆ ಕೇಸ್ ಹಿಂದೆ ಸಡಿಲ ಚೇಂಬರಿನ ಬೇರೆ ಯಾವುದೋ ರೈಫಲ್ಲಿನಲ್ಲಿ ಊದಿಕೊಂಡಿರುತ್ತದೆ, ಅದಕ್ಕೆ ಬುಡವನ್ನು ಹೆಚ್ಚು ಹಿಂಡುವ ಸ್ಮಾಲ್ ಬೇಸ್ ಡೈ ಬೇಕು. ಗುಂಡಿನ ಮೇಲೆಯೇ ಗೀರುಗಳಿದ್ದರೆ ಅದು ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ (ರೈಫ್ಲಿಂಗ್) ತಾಗುತ್ತಿದೆ, ಇನ್ನಷ್ಟು ಒಳಗೆ ಕೂರಿಸಿ. ಕೇಸ್ ಕೂರಿಸಿ ಅಳತೆ ನೋಡುವ ಕೇಸ್ ಗೇಜಿನಲ್ಲಿ ಪಾಸಾದದ್ದು ಚೇಂಬರಿನಲ್ಲಿ ನಪಾಸಾಗುವುದೂ ಉಂಟು. ಅನೇಕ ಗೇಜುಗಳು ಉದ್ದವನ್ನೂ ಭುಜವನ್ನೂ ಅಳೆಯುತ್ತವೆಯೇ ಹೊರತು ಮೈಯ ದಪ್ಪವನ್ನಲ್ಲ.

ಡೈ ಹೊಂದಿಸುವಾಗ ಅಂದಾಜು ಸಾಲದು. ನಿಮ್ಮ ರೈಫಲ್ಲಿನಲ್ಲೇ ಹೊಡೆದ ಕೇಸಿನ ಪ್ರೈಮರ್ ತೆಗೆದು, ಭುಜಕ್ಕೆ ಕೂರುವ ಕಂಪ್ಯಾರೇಟರ್ ತುಂಡು ಹಾಕಿದ ಕ್ಯಾಲಿಪರಿನಲ್ಲಿ ಭುಜದವರೆಗೆ ಅಳೆಯಿರಿ. ಪ್ರೈಮರ್ ಉಬ್ಬಿದ್ದರೆ ಅಳತೆ ಸುಳ್ಳು ಹೇಳುತ್ತದೆ, ಅದಕ್ಕೇ ಮೊದಲು ತೆಗೆಯುವುದು. ಸೈಜ್ ಆದ ಮೇಲೆ ಭುಜ 0.003ರಿಂದ 0.004 ಇಂಚು ಹಿಂದೆ ಸರಿದಿರಬೇಕು. ಕುತ್ತಿಗೆ ಮಾತ್ರ ಸೈಜ್ ಮಾಡುವ ಬೋಲ್ಟ್ ಆಕ್ಷನ್ (ಕೈಯಿಂದಲೇ ಬೋಲ್ಟ್ ಎಳೆಯುವ) ರೈಫಲ್ಲಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಾಮಾನ್ಯ ಡೈಗೆ ಇಂಚಿಗೆ 14 ತಿರುಪಿನ ಮರೆ (ಸುತ್ತು), ಅಂದರೆ ಒಂದು ಪೂರ್ತಿ ಸುತ್ತಿಗೆ ಸುಮಾರು 0.071 ಇಂಚು, ಸುತ್ತಿನ ಹದಿನಾರನೇ ಒಂದು ಭಾಗಕ್ಕೆ 0.0045 ಇಂಚು. ಆದ್ದರಿಂದ ಕೂದಲು ಕೂದಲಾಗಿ ತಿರುಗಿಸಿ. ಡೈ ಇಳಿಸತೊಡಗಿದಾಗ ಭುಜ ಮೊದಲು ಮುಂದಕ್ಕೇ ಬರುತ್ತದೆ! ಮೈ ಹಿಂಡಿದಾಗ ಹಿತ್ತಾಳೆ ಮೇಲಕ್ಕೆ ಹರಿಯುತ್ತದಷ್ಟೇ, ಗಾಬರಿಯಾಗದೆ ಇನ್ನೂ ಇಳಿಸಿ. ಆದರೆ ಅತಿ ಮಾಡಬೇಡಿ. ಭುಜ ತೀರಾ ಹಿಂದೆ ಹೋದರೆ ಪ್ರತಿ ಸಲ ಹೊಡೆದಾಗಲೂ ಕೇಸ್ ಹಿಗ್ಗಿ, ಬುಡದ ಹತ್ತಿರ ತೆಳುವಾಗಿ, ಕೊನೆಗೆ ಅಲ್ಲೇ ತುಂಡಾಗುತ್ತದೆ. ಬಾಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಇಳಿಸಿ ಗೋಡೆಯುದ್ದಕ್ಕೂ ಎಳೆದಾಗ ಹಳ್ಳ ಸಿಕ್ಕಿದರೆ ಆ ಕೇಸನ್ನು ಎಸೆಯಿರಿ.

ಕ್ರಿಂಪಿನ ತೊಂದರೆಯ ಬೇರು ಬಹುತೇಕ ಟ್ರಿಮ್ಮಿಂಗಿನಲ್ಲಿ, ಅಂದರೆ ಕೇಸಿನ ಬಾಯಿ ಕತ್ತರಿಸಿ ಉದ್ದ ಸರಿಮಾಡುವುದರಲ್ಲಿ ಇರುತ್ತದೆ. ಉದಾಹರಣೆಗೆ, ಎಆರ್-15 ರೈಫಲ್ಲಿನಲ್ಲಿ ಬಳಸುವ .223 ರೆಮಿಂಗ್ಟನ್ ಕೇಸಿನ ಗರಿಷ್ಠ ಉದ್ದ 1.760 ಇಂಚು, ಕತ್ತರಿಸಬೇಕಾದ ಅಳತೆ 1.750. ಉದ್ದ ಹೆಚ್ಚುಕಡಿಮೆ ಇದ್ದರೆ ಒಂದೇ ಡೈ ಗಿಡ್ಡ ಕೇಸನ್ನು ಮುಟ್ಟುವುದೂ ಇಲ್ಲ, ಉದ್ದದ್ದರ ಭುಜ ಕುಸಿಯುವಂತೆ ಒತ್ತುತ್ತದೆ. ಗುಂಡು ಕೂರಿಸುವುದನ್ನೂ ಕ್ರಿಂಪ್ ಮಾಡುವುದನ್ನೂ ಎರಡು ಹಂತ ಮಾಡಿಕೊಂಡರೆ ಅರ್ಧ ಕಾಟ ತಪ್ಪುತ್ತದೆ.

ಮೂಗು ಚುಚ್ಚಿಕೊಳ್ಳುತ್ತಿದ್ದರೆ ಒಟ್ಟು ಉದ್ದ ನೋಡಿ. .223ಕ್ಕೆ 2.260 ಇಂಚು ಮೀರಿದರೆ ಎಆರ್-15 ಮ್ಯಾಗಜಿನ್ನಿನ ಮುಂಗೋಡೆಗೆ ಉಜ್ಜುತ್ತದೆ. ತುದಿಯಲ್ಲಿ ಮೆತ್ತನೆಯ ಸೀಸ ಕಾಣುವ ಗುಂಡುಗಳು ರ‍್ಯಾಂಪಿಗೆ ಬಡಿದು ಚಪ್ಪಟೆಯಾಗಿ ನಿಲ್ಲುವುದೂ ಇದೆ. ಇದಕ್ಕಿಂತ ಅಪಾಯದ್ದು ಗುಂಡು ಕೇಸಿನೊಳಗೆ ತಳ್ಳಲ್ಪಡುವುದು, ಏಕೆಂದರೆ ಆಗ ಒತ್ತಡ ಏರುತ್ತದೆ. ಡಮ್ಮಿಯನ್ನು ಅಳೆದು, ಮ್ಯಾಗಜಿನ್ನಿನಿಂದ ಬೋಲ್ಟಿನ ಪೂರ್ತಿ ವೇಗದಲ್ಲಿ ಚೇಂಬರಿಗೆ ಹೋಗಲು ಬಿಟ್ಟು, ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಬದಲಾಗಿದ್ದರೆ ಕುತ್ತಿಗೆಯ ಹಿಡಿತ ಸಾಲದು. ಗುಂಡು ಕೂರಿಸಿದಾಗ ಕುತ್ತಿಗೆ 0.002ರಿಂದ 0.003 ಇಂಚು ಹಿಗ್ಗುವಂತಿರಲಿ.

ಖಾಲಿ ಕೇಸ್ ಹೊರಬೀಳುತ್ತಿಲ್ಲ, ಅಥವಾ ಕೇಸ್ ಹಾರಿದರೂ ಬೋಲ್ಟ್ ಮುಂದಿನ ತೋಟಾ ಹಿಡಿಯುತ್ತಿಲ್ಲವಾದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ. ಮ್ಯಾಗಜಿನ್ನಿಗೆ ಒಂದೇ ತೋಟಾ ಹಾಕಿ ಹೊಡೆಯಿರಿ, ಬೋಲ್ಟ್ ಹಿಂದೆಯೇ ಲಾಕ್ ಆಗಬೇಕು. ಆಗದಿದ್ದರೆ ಲೋಡ್ ದುರ್ಬಲ, ಅಥವಾ ಬೋಲ್ಟನ್ನು ಹಿಂದಕ್ಕೆ ತಳ್ಳುವ ಗ್ಯಾಸ್ ಸೋರುತ್ತಿದೆ. ಮದ್ದು ಏರಿಸುವುದಾದರೆ ಪ್ರಕಟಿತ ಮ್ಯಾನ್ಯುಯಲ್ಲಿನ ಮಿತಿಯೊಳಗೆ, ಸ್ವಲ್ಪ ಸ್ವಲ್ಪವಾಗಿ ಮಾತ್ರ. ನಿಧಾನವಾಗಿ ಉರಿಯುವ ಮದ್ದು ಗ್ಯಾಸ್ ಪೋರ್ಟಿನಲ್ಲಿ (ನಳಿಗೆಯಿಂದ ಆ ಗ್ಯಾಸ್ ಹೊರಡುವ ತೂತು) ಒತ್ತಡ ಹೆಚ್ಚಿಸುತ್ತದೆ. ಹಳೆಯ ಸೇನಾ ರೈಫಲ್ ಎಂ1 ಗ್ಯಾರಂಡಿನಲ್ಲಿ ಬೋಲ್ಟ್ ಓಡಿಸುವ ಆಪರೇಟಿಂಗ್ ರಾಡ್ ಬಾಗುವುದು ಹೀಗೆಯೇ.

ಪ್ರೈಮರ್ ಕೇಸಿನ ಬುಡಕ್ಕಿಂತ 0.003ರಿಂದ 0.005 ಇಂಚು ಒಳಗಿರಲಿ, ಪ್ರತಿಯೊಂದನ್ನೂ ಬೆರಳಿನಿಂದ ಸವರಿ ನೋಡಿ. ಎಆರ್-15ರ ಫೈರಿಂಗ್ ಪಿನ್ ಸಡಿಲವಾಗಿ ತೇಲುವಂಥದ್ದು. ಬೋಲ್ಟ್ ಮುಚ್ಚಿದಾಗಲೆಲ್ಲ ಪ್ರೈಮರನ್ನು ಸಣ್ಣಗೆ ಕುಟುಕುತ್ತದೆ. ಪ್ರೈಮರ್ ಮೇಲೆದ್ದಿದ್ದರೆ ಟ್ರಿಗರ್ ಮುಟ್ಟದೆಯೇ ಸಿಡಿಯಬಹುದು. ಮಿಲಿಟರಿ ಕೇಸುಗಳಾದರೆ ಪ್ರೈಮರ್ ಕೂರುವ ಗುಳಿಯ (ಪಾಕೆಟ್) ಅಂಚಿನ ಕ್ರಿಂಪ್ ತೆಗೆಯದೆ ಪ್ರೈಮರ್ ನೇರ ಕೂರುವುದೇ ಇಲ್ಲ. ಸೈಜಿಂಗಿಗೆ ಹಚ್ಚಿದ ಜಿಡ್ಡನ್ನು (ಲ್ಯೂಬ್) ಪೂರ್ತಿ ಒರೆಸಿ, ಎಕ್ಸ್‌ಟ್ರಾಕ್ಟರ್ ಎಂಬ, ಕೇಸ್ ಹೊರಗೆಳೆಯುವ ಕೊಕ್ಕೆ ಕಿತ್ತು ಕೇಸಿನ ಅಂಚು ಮುಳ್ಳೆದ್ದಿದ್ದರೆ ಆ ಕೇಸನ್ನು ಬದಿಗಿಡಿ.

ಜೀವಂತ ತೋಟಾ ಚೇಂಬರಿನಲ್ಲೇ ಕಚ್ಚಿಕೊಂಡು, ಬೋಲ್ಟ್ ಎಳೆಯುವ ಚಾರ್ಜಿಂಗ್ ಹ್ಯಾಂಡಲ್ ಎಳೆದರೂ ಬಾರದಿದ್ದರೆ ನಳಿಗೆಯ ಬಾಯಿಂದ ರಾಡ್ ಹಾಕಿ ಗುದ್ದಬೇಡಿ. ನಳಿಗೆ ಸುರಕ್ಷಿತ ದಿಕ್ಕಿನಲ್ಲೇ ಇರುವಂತೆ ನೋಡಿಕೊಂಡು, ರೇಂಜಿನ ಅಧಿಕಾರಿಗೆ ತಿಳಿಸಿ, ಗನ್‌ಸ್ಮಿತ್ ಕೈಯಿಂದಲೇ ತೆಗೆಸಿ.