ಕಾರವಾರದಲ್ಲಿ ಕೂತು ಸ್ನೋಬೋರ್ಡ್ ಆರಿಸಿದ್ದು: ನನ್ನ ಅನುಭವ

ಸ್ನೋಬೋರ್ಡ್ (ಎರಡೂ ಕಾಲು ಬಿಗಿದು ಹಿಮದ ಮೇಲೆ ಜಾರೋ ಹಲಗೆ) ತಗೊಳ್ಳೋರು ಮೊದಲು ಬೂಟು ತಗೊಳ್ಳಿ, ಆಮೇಲೆ ಬೂಟನ್ನ ಬೋರ್ಡಿಗೆ ಬಿಗಿಯೋ ಬೈಂಡಿಂಗ್, ಬೋರ್ಡ್ ಕೊನೆಗೆ. ಎಲ್ಲರೂ ಬೋರ್ಡಿನ ಚಿತ್ರ ನೋಡಿ ಶುರು ಮಾಡ್ತಾರೆ, ನಾನು ಉಲ್ಟಾ ಹೋದೆ. ಕಾರಣ ಉಂಟು. ನಾವು ಕಾರವಾರದವರು, ಹಿಮ ಕಾಣೋದೇ ವರ್ಷಕ್ಕೊಂದ್ಸಲ ಗುಲ್ಮಾರ್ಗಿಗೆ ಹೋದಾಗ, ಅಲ್ಲಿ ಬಾಡಿಗೆ ಬೋರ್ಡ್ ಹೇಗೋ ನಡೀತದೆ ಆದ್ರೆ ಹತ್ತಾರು ಜನ ಹಾಕಿ ಸಡಿಲಾದ ಬೂಟಲ್ಲಿ ಹಿಮ್ಮಡಿ ಮೇಲೆದ್ರೆ ಎಂಥಾ ಬೋರ್ಡ್ ಇದ್ರೂ ಎಡ್ಜ್, ಅಂದ್ರೆ ಬೋರ್ಡಿನ ಪಕ್ಕದ ಉಕ್ಕಿನ ಅಂಚು, ಹಿಮ ಹಿಡಿಯೋದಿಲ್ಲ.

ಬೂಟು ಹೇಗಿರಬೇಕು ಅಂದ್ರೆ, ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದ ಕೂಡ್ಲೆ ಹಿಂದೆ ಸರೀಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರ್ದು. ಒಂದೇ ಸಾಕ್ಸ್, ಎರಡೆರಡು ಹಾಕೋದು ಬೇಡ. ಮನೇಲಿ ಅರ್ಧ ಗಂಟೆ ಹಾಕ್ಕೊಂಡು ಓಡಾಡಿ ನೋಡ್ಬೇಕು, ನಾನು ನೋಡಿದ್ದು ಏಪ್ರಿಲ್ ಸೆಕೆಯಲ್ಲಿ, ಫ್ಯಾನ್ ಕೆಳಗೆ, "ಕಾಲಿಗೆಂತ ಥಂಡಿ ಜ್ವರನಾ ನಿಂಗೆ" ಅಂತ ಆಯಿ ಕೇಳಿದ್ಲು.

ಇನ್ನು ಉದ್ದ. ಗದ್ದದ ಹತ್ರ ಬಂದ್ರೆ ಸಾಕು ಅನ್ನೋ ಹಳೇ ಲೆಕ್ಕ ಬಿಟ್ಬಿಡಿ, ಬೋರ್ಡ್ ಬಗ್ಗೋದು ಮೈ ತೂಕಕ್ಕೆ, ನಿಮ್ಮ ಎತ್ತರ ಅದಕ್ಕೆ ಗೊತ್ತೇ ಇಲ್ಲ. ನನ್ನ ಜೊತೆ ಬರೋ ಶಿರಸಿಯ ಭಾವ ನನ್ನಷ್ಟೇ ಎತ್ತರ, ಆದ್ರೆ ನಾನು 72 ಕೆ.ಜಿ., ಅವ 90, ಪಾದವೂ ದೊಡ್ಡದು. ಹಂಗಾಗಿ ನಂದು 156 ಸೆಂ.ಮೀ., ಅವಂದು 162, ಅದೂ ವೈಡ್, ಅಂದ್ರೆ ಅಗಲ ಜಾಸ್ತಿ ಇರೋದು. ಪ್ರತಿ ಬೋರ್ಡಿಗೂ ಕಂಪನಿಯವರು ತೂಕದ ಪಟ್ಟಿ ಕೊಟ್ಟಿರ್ತಾರೆ, ಅದ್ರಲ್ಲಿ ನಿಮ್ಮ ತೂಕ ನಡುಮಧ್ಯ ಬೀಳೋ ಉದ್ದ ನೋಡಿ. ಬೆನ್ನಿಗೆ ಬ್ಯಾಗು, ಸಲಿಕೆ, ನೀರು ಇದ್ರೆ ಅದೂ ತೂಕವೇ.

ಅಗಲ ಯಾರೂ ನೋಡೋದಿಲ್ಲ, ಅದೇ ಮುಖ್ಯ. ಬೋರ್ಡಿನ ಸೊಂಟದ ಅಗಲ ಮಿಲಿಮೀಟರಲ್ಲಿ ಬರೆದಿರ್ತಾರೆ. ನನ್ನ ಬೂಟು ಯುಕೆ 8, ಅದಕ್ಕೆ 252 ಸರಿಯಾಯ್ತು. ಬೂಟಿನ ತುದಿ, ಹಿಮ್ಮಡಿ ಎರಡೂ ಕಡೆ ಒಂದರಿಂದ ಎರಡು ಸೆಂ.ಮೀ. ಹೊರಗೆ ಬಂದ್ರೆ ಒಳ್ಳೇದೇ, ಆ ಒತ್ತಿಗೇ ಎಡ್ಜ್ ತಿರುಗೋದು. ಅದಕ್ಕಿಂತ ಜಾಸ್ತಿ ಬಂತೋ, ಜೋರಾಗಿ ವಾಲಿದಾಗ ಬೂಟೇ ಹಿಮಕ್ಕೆ ಸಿಕ್ಕಿ ಬೀಳಿಸ್ತದೆ. ಹಂಗಂತ ಸುಮ್ನೆ ವೈಡ್ ತಗೊಂಡ್ರೆ ಒಂದು ಎಡ್ಜಿಂದ ಇನ್ನೊಂದಕ್ಕೆ ಹೋಗೋದು ನಿಧಾನ ಆಗ್ತದೆ. ಯುಕೆ 10ರ ಮೇಲಿನ ಕಾಲಿನವರು ವೈಡ್ ನೋಡ್ಲೇಬೇಕು.

ಫ್ಲೆಕ್ಸ್ ಅಂದ್ರೆ ಬೋರ್ಡ್ ಎಷ್ಟು ಗಟ್ಟಿ ಅಂತ, 1ರಿಂದ 10ರವರೆಗೆ ಅಂಕಿ. ಎರಡೂ ಎಡ್ಜಲ್ಲಿ ಟರ್ನ್ ಜೋಡಿಸೋಕೆ ಬರ್ತದೆ, ಆದ್ರೆ ಕಡಿದಾದ ಇಳಿಜಾರಲ್ಲಿ ಇನ್ನೂ ಹೆದರಿಕೆ ಅನ್ನೋ ನಮ್ಮಂಥ ನಡುಮಟ್ಟದವರಿಗೆ 4ರಿಂದ 6. ನಾನು 5 ತಗೊಂಡೆ. 8, 9 ಇರೋದು ಸ್ಪೀಡಲ್ಲಿ ಗಟ್ಟಿಯಾಗಿ ನಿಲ್ತದೆ ಹೌದು, ಆದ್ರೆ ಅದನ್ನ ಬಗ್ಗಿಸೋಕೆ ತೊಡೆ ಬೇಕಲ್ಲ, ವರ್ಷವಿಡೀ ಸಮುದ್ರ ಮಟ್ಟದಲ್ಲಿ ಮೀನೂಟ ಮಾಡಿ ಕೂತವರಿಗೆ ಮಧ್ಯಾಹ್ನಕ್ಕೇ ಕಾಲು ನಡುಗ್ತದೆ. ಇನ್ನೊಂದು, ಒಂದು ಕಂಪನಿಯ 5 ಇನ್ನೊಂದರ 5ಕ್ಕೆ ಸಮ ಇರೋದಿಲ್ಲ, ಒಂದೇ ಕಂಪನಿಯ ಬೋರ್ಡುಗಳನ್ನ ಹೋಲಿಸೋಕೆ ಮಾತ್ರ ಆ ಅಂಕಿ ನಂಬಿ.

ಆಕಾರದ ವಿಷಯದಲ್ಲೇ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಕ್ಯಾಂಬರ್ ಅಂದ್ರೆ ನೆಲಕ್ಕಿಟ್ಟಾಗ ಬೋರ್ಡಿನ ನಡು ಮೇಲೆದ್ದಿರ್ತದೆ, ನಿಂತಾಗ ಎಡ್ಜ್ ಪೂರ್ತಿ ಕಚ್ತದೆ, ಆದ್ರೆ ತಪ್ಪು ಎಡ್ಜ್ ಸಿಕ್ಕಿದ್ರೆ ಎತ್ತಿ ಒಗೀತದೆ. ರಾಕರ್ ಅದರ ಉಲ್ಟಾ, ಕ್ಷಮಿಸೋ ಗುಣ ಜಾಸ್ತಿ, ಪೌಡರಲ್ಲಿ (ಮೆತ್ತಗಿನ ಪುಡಿ ಹಿಮದಲ್ಲಿ) ತೇಲ್ತದೆ, ಬೆಳಿಗ್ಗೆಯ ಗಟ್ಟಿ ಹಿಮದಲ್ಲಿ ಮಾತ್ರ ಜಾರಿ ಹೋಗ್ತದೆ. ಗುಲ್ಮಾರ್ಗಲ್ಲಿ ಎರಡೂ ಥರದ ಹಿಮ ಸಿಗ್ತದೆ, ಅದೇ ಪಂಚಾಯ್ತಿ. ಊರು ಸುಮಾರು 2,650 ಮೀಟರ್ ಎತ್ತರದಲ್ಲಿ, ಅಲ್ಲಿ ಕಲಿಯೋರ ಇಳಿಜಾರು ಬೆಳಿಗ್ಗೆ ಗಟ್ಟಿ, ಗೊಂಡೋಲಾದ (ಕೇಬಲ್ ಕಾರಿನ) ಮೊದಲ ಹಂತ ಕೊಂಗ್ಡೂರಿವರೆಗೆ, ಎರಡನೇದು ಅಫರ್ವಟ್ ಬೆಟ್ಟಕ್ಕೆ, 3,900 ಮೀಟರ್ ದಾಟಿ, ಆ ಮೇಲಿನ ಭಾಗ ಹೆಚ್ಚಿನದು ಮಷೀನು ಮುಟ್ಟದ ಪೌಡರ್. (ಹಿಮಕುಸಿತದ ಜಾಗ ಅದು, ಗೈಡ್ ಇಲ್ದೆ, ಹಿಮದಡಿ ಸಿಕ್ಕವರನ್ನ ಹುಡುಕೋ ಬೀಕನ್ ಇಲ್ದೆ ಹೋಗೋದು ಶೂರತನ ಅಲ್ಲ.) ಅದಕ್ಕೇ ನಾನು ಹೈಬ್ರಿಡ್ ತಗೊಂಡೆ, ಕಾಲ ಕೆಳಗೆ ಕ್ಯಾಂಬರ್, ಮೂತಿ ರಾಕರ್. ಎರಡೂ ಕಡೆಗೆ ಹೋಗೋ ಟ್ವಿನ್ ಬಿಟ್ಟು ಡೈರೆಕ್ಷನಲ್ ಟ್ವಿನ್, ಬೈಂಡಿಂಗ್ ಸ್ವಲ್ಪ ಹಿಂದೆ ಕೂರ್ತದೆ, ಮೂತಿ ಹಿಮದ ಮೇಲೆ ಬರ್ತದೆ. ಪಾರ್ಕಿನ ಜಿಗಿತ ಗಿಗಿತ ನನ್ನ ವಯಸ್ಸಿಗೆ ಬೇಕಾಗಿರ್ಲಿಲ್ಲ.

ಬೈಂಡಿಂಗಿನ ಫ್ಲೆಕ್ಸ್ ಬೋರ್ಡಿಗೆ ಹೊಂದ್ಬೇಕು, ಮೆತ್ತಗಿನ ಬೋರ್ಡಿಗೆ ಗಟ್ಟಿ ಬೈಂಡಿಂಗ್ ಹಾಕಿದ್ರೆ ಕಾಲು ಅಲ್ಲಾಡಿಸಿದ್ದಕ್ಕೆಲ್ಲ ಬೋರ್ಡ್ ತಿರುಗ್ತದೆ. ನಂದು ಮೀಡಿಯಂ, ಎರಡು ಸ್ಟ್ರಾಪಿನದು. ಬೂಟು ಹಾಕಿ ಹೈಬ್ಯಾಕಿಗೆ (ಬೈಂಡಿಂಗಿನ ಹಿಂದಿನ ಆಸರೆಗೆ) ಒತ್ತಿ ನಿಂತಾಗ ಹಿಮ್ಮಡಿ ಕೂರೋ ಬಟ್ಟಲಲ್ಲಿ ಗ್ಯಾಪ್ ಇರಬಾರ್ದು, ಹಲ್ಲಿನ ಪಟ್ಟಿ ಕೊನೇ ಹಲ್ಲಲ್ಲಿ ನಿಲ್ಲಬಾರ್ದು. ಹಿಮದಲ್ಲಿ ಕೂರದೇನೇ ಕಾಲಿಟ್ಟು ಕ್ಲಿಕ್ ಅನ್ನಿಸೋ ಸ್ಟೆಪ್ ಆನ್ ಭಾವನಿಗೆ ಭಾಳ ಇಷ್ಟ ಆಗಿತ್ತು, ನಾನೇ ಬೇಡ ಅಂದೆ. ಅದಕ್ಕೆ ಅದೇ ಪದ್ಧತಿಯ ಬೂಟೇ ಬೇಕು, ಬೆಟ್ಟದಲ್ಲಿ ಒಂದು ಪಾರ್ಟ್ ಮುರಿದ್ರೆ ದಿನ ಹಾಳು, ಸ್ಟ್ರಾಪಿನದಾದ್ರೆ ಬಾಡಿಗೆ ಅಂಗಡಿಯವರ ಹಳೇ ಡಬ್ಬದಲ್ಲಿ ಏನಾದ್ರೂ ಸಿಗ್ತದೆ. ಬೋರ್ಡಿನ ತೂತುಗಳನ್ನೂ ನೋಡಿ: ಕೆಲವ್ರದ್ದು ತೂತುಗಳ ಸಾಲು, ಬರ್ಟನ್‌ನವರ ಬಹಳಷ್ಟು ಬೋರ್ಡಲ್ಲಿ ಉದ್ದ ಸೀಳು, ಅದಕ್ಕೆ ಹೊಂದೋ, ಬೈಂಡಿಂಗ್ ಕೂರಿಸೋ ಡಿಸ್ಕ್ ಇದ್ಯೋ ಇಲ್ವೋ ಕೇಳ್ಕೊಂಡೇ ದುಡ್ಡು ಕೊಡಿ.

ಫಿಟ್ಟಿಂಗ್ ಮನೇಲೇ ಮಾಡ್ದೆ. ಮುಂಗಾಲು 15 ಡಿಗ್ರಿ ಮುಂದಕ್ಕೆ, ಹಿಂಗಾಲು 9 ಡಿಗ್ರಿ ಹಿಂದಕ್ಕೆ, ಅಗಲ ಭುಜಕ್ಕಿಂತ ಚೂರು ಜಾಸ್ತಿ. ಗಾದಿ ಮೇಲೆ ಬೋರ್ಡ್ ಹಾಕಿ ಕುಕ್ಕರುಗಾಲಲ್ಲಿ ಕೂತು ಎದ್ದು ಮಾಡಿದ್ರೆ ಮಂಡಿ ಎಲ್ಲಿ ಎಳೀತದೆ ಅಂತ ಗೊತ್ತಾಗ್ತದೆ, ಅದಕ್ಕೆ ತಕ್ಕ ಹಾಗೆ ಬದಲಾಯ್ಸಿ. ಸ್ಕ್ರೂಗಳು ಎಂ6, ಅವಕ್ಕೆ 3ನೇ ನಂಬರಿನ ಪೋಜಿಡ್ರೈವ್ ಬೇಕು, ಮನೆಯ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದ್ರೆ ತಲೆ ಸವೀತದೆ. ಮೊದಲನೇ ರನ್ ಮುಗಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ಸಾಗಿಸೋದು ಕಷ್ಟ ಏನಿಲ್ಲ, ಮಡಗಾಂವಿಂದ ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ದಿಲ್ಲಿವರೆಗೆ ಲೋವರ್ ಬರ್ತಿನ ಕೆಳಗೆ ತಳ್ಳಿಬಿಡ್ತೇನೆ. ನಿಜವಾದ ಕಷ್ಟ ಮಳೆಗಾಲದ್ದು. ಎಡ್ಜ್ ಉಕ್ಕು, ಕೋಡಿಬಾಗದ ಉಪ್ಪು ಗಾಳಿಗೆ ಜೂನ್ ಕಳೆಯೋದ್ರೊಳಗೆ ಕೆಂಪಾಗ್ತದೆ. ಊರಿಗೆ ಬಂದ ಕೂಡ್ಲೆ ಒಣಗಿಸಿ, ಬೈಂಡಿಂಗ್ ಬಿಚ್ಚಿ, ಎಡ್ಜಿಗೆ ಹೊಲಿಗೆ ಮಷೀನ್ ಎಣ್ಣೆ ಸವರಿ, ಬೋರ್ಡಿನ ತಳಕ್ಕೆ ಹಳೇ ಇಸ್ತ್ರಿ ಪೆಟ್ಟಿಗೆಯಿಂದ ವ್ಯಾಕ್ಸ್ ದಪ್ಪಗೆ ಹಚ್ಚಿ ಕೆರೀದೆ ಹಾಗೇ ಬಿಡ್ತೇನೆ, ಕೆರಿಯೋದು ಡಿಸೆಂಬರಲ್ಲಿ. ಭಾವ ಅವಂದನ್ನ ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ, ಅಡಿಕೆ ಮೂಟೆ ಪಕ್ಕ, ಬೆಚ್ಚಗಿರ್ತದೆ ಅಂತ ಇಟ್ಟಿದ್ದ. ಬೇಡ ಮಾರಾಯಾ, ಬಿಸಿಗೆ ಪದರದ ಅಂಟು ಬಿಡ್ತದೆ ಅಂದೆ. ಈಗ ಜಗಲಿಯ ಒಳಗೋಡೆಗೆ ಒರಗಿಸಿ ಹಳೇ ಪಂಚೆ ಮುಚ್ಚಿದ್ದಾನೆ, ಪ್ಲಾಸ್ಟಿಕ್ ಚೀಲ ಮಾತ್ರ ಮಳೆ ಮುಗಿಯೋವರೆಗೆ ಮುಟ್ಟೋದಿಲ್ಲ.