ದಿವಾಳಿಯಾದರೂ ಉಳಿಯುವ ಸಾಲ: ನಂಬಿಕೆಯನ್ನು ಕೋರ್ಟಿಗೆ ತೋರಿಸಿದ್ದು ಹೀಗೆ

ನ್ಯೂಜೆರ್ಸಿಯಲ್ಲಿ ನಾನು ಸಾಲ ಕೊಟ್ಟವರ ಪರವಾಗಿ ದಿವಾಳಿ ಕೇಸು ನಡೆಸುತ್ತೇನೆ. ಅಮೆರಿಕದಲ್ಲಿ ಒಬ್ಬರು ಚಾಪ್ಟರ್ 7ರ ಅರ್ಜಿ ಹಾಕಿದರೆ ಅವರ ಹೆಚ್ಚಿನ ಸಾಲಗಳು ಮನ್ನಾ ಆಗುತ್ತವೆ. ಮೋಸದಿಂದ ಪಡೆದ ಸಾಲ ಮನ್ನಾ ಆಗದಂತೆ ತಡೆಯಲು ದಿವಾಳಿ ಕಾನೂನಿನಲ್ಲಿ 523ನೇ ಸೆಕ್ಷನ್ ಇದೆ. ಆದರೆ ಎದುರಿನವರು ಸುಳ್ಳು ಹೇಳಿದರು ಅಂತ ತೋರಿಸಿದರೆ ಸಾಕಾಗುವುದಿಲ್ಲ. ಆ ಸುಳ್ಳನ್ನು ನಂಬಿಯೇ ಕೊಟ್ಟೆವು ಅಂತಲೂ ತೋರಿಸಬೇಕು.

ನನ್ನ ಕಕ್ಷಿದಾರರು ಹೋಟೆಲುಗಳಿಗೆ ಅಕ್ಕಿ, ಬೇಳೆ ಕೊಡುವವರು. ಒಬ್ಬ ಹೋಟೆಲ್ ಮಾಲೀಕರು ಉದ್ರಿ ಕೇಳಿದರು. "ಮನೆ ಮೇಲೆ ಸಾಲ ಇಲ್ಲ ಸಾರ್" ಅಂತ ಫೋನಿನಲ್ಲಿ ಹೇಳಿದರು. ಇವರು ಬರೆದು ಕಳಿಸಿ ಅಂದಾಗ ಇಮೇಲ್ ಮಾಡಿದರು. ಮಾಲು ಪಡೆದು, ಆಮೇಲೆ ದಿವಾಳಿ ಅರ್ಜಿ ಹಾಕಿದರು. ಇಡೀ ಕೇಸು ನಿಂತದ್ದು ಆ ಇಮೇಲಿನ ಮೇಲೆ. ಹಣಕಾಸಿನ ಸ್ಥಿತಿ ಬಗ್ಗೆ ಹೇಳಿದ ಸುಳ್ಳು ಬರಹದಲ್ಲಿ ಇರಲೇಬೇಕು. ಒಂದೇ ಒಂದು ಆಸ್ತಿಯ ಮಾತಾದರೂ ಈ ನಿಯಮ ಅನ್ವಯಿಸಬಹುದು ಅಂತ 2018ರಲ್ಲಿ ಲಾಮಾರ್ ಆರ್ಚರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಪರಿಚಯದವರಿಗೆ ಕೈಸಾಲ ಕೊಡುವಾಗ ಯಾರು ಬರೆಸಿಕೊಳ್ಳುತ್ತಾರೆ? ಅಂಥವರು ನನ್ನ ಹತ್ತಿರ ಬಂದಾಗ ಬರಿಗೈಲಿ ಕಳಿಸಬೇಕಾಗುತ್ತದೆ.

ಹಣಕಾಸಿನ ಸ್ಥಿತಿಗೆ ಸೇರದ ಸುಳ್ಳಾದರೆ ನಂಬಿಕೆಯನ್ನು ಅಳೆಯುವ ಅಳತೆ ಸಡಿಲ. ಕಣ್ಣಿಗೆ ರಾಚುವ ಅನುಮಾನ ಇಲ್ಲದಿದ್ದರೆ, ವಿಚಾರಣೆ ಮಾಡದೆ ನಂಬಿದ್ದರೂ ನಡೆಯುತ್ತದೆ. ಇದು 1995ರ ಫೀಲ್ಡ್ ಕೇಸಿನ ತೀರ್ಪು. ನಮ್ಮಂಥ ಕೇಸಿನಲ್ಲಿ ಮಾತ್ರ, ವ್ಯಾಪಾರ ಬಲ್ಲ ಯಾರಾದರೂ ಇದನ್ನು ನಂಬುತ್ತಿದ್ದರಾ ಅಂತ ಜಡ್ಜ್ ನೋಡುತ್ತಾರೆ.

ಹಾಗಾಗಿ ನನ್ನ ಕಕ್ಷಿದಾರರ ಬೇರೆ ಗಿರಾಕಿಗಳ ಹಳೆಯ ಫೈಲುಗಳನ್ನೂ ತರಿಸಿದೆ. ಉದ್ರಿ ಕೊಡುವ ಮುಂಚೆ ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಕೇಳಿದ್ದರು. ಆಮೇಲೆ ಒಂದು ದಿನದ ಕಾಗದಗಳನ್ನು ಸಾಲಾಗಿ ಜೋಡಿಸಿದೆ: ಬೆಳಿಗ್ಗೆ ಇಮೇಲ್, ಮಧ್ಯಾಹ್ನ ಗೋಡೌನಿಗೆ "ಮಾಲು ಬಿಡಿ" ಅನ್ನುವ ಮೆಸೇಜ್, ಸಂಜೆ ಇನ್‌ವಾಯ್ಸ್. ಸುಳ್ಳಿಗೆ ಸಾಕ್ಷಿ ಹೋಟೆಲ್ ಮಾಲೀಕರದೇ ದಿವಾಳಿ ಅರ್ಜಿಯಲ್ಲಿತ್ತು. ಆಸ್ತಿ ಅಡವಿಟ್ಟು ಪಡೆದ ಸಾಲಗಳನ್ನು ಬರೆಯುವ ಶೆಡ್ಯೂಲ್ ಡಿಯಲ್ಲಿ ಮನೆ ಸಾಲ ಇತ್ತು. ಅದರ ತಾರೀಖು ಇಮೇಲಿಗಿಂತ ಹಿಂದಿನದು. ಶೆಡ್ಯೂಲುಗಳು ನಿಜ ಅಂತ ಪ್ರಮಾಣ ಮಾಡಿ ಹಾಕಿದ ಅವರದೇ ಸಹಿಯೂ ಇತ್ತು.

ಗಡುವಿನ ವಿಷಯದಲ್ಲಿ ಕೋರ್ಟ್ ತುಂಬಾ ಕಟ್ಟುನಿಟ್ಟು. ದಿವಾಳಿ ಕೇಸಿನಲ್ಲಿ ಸಾಲ ಕೊಟ್ಟವರ ಸಭೆ ಅಂತ ಒಂದಿರುತ್ತದೆ; ಅದಕ್ಕೆ ಮೊದಲ ಸಲ ಗೊತ್ತು ಮಾಡಿದ ದಿನದಿಂದ 60 ದಿನದೊಳಗೆ, ಈ ಸಾಲ ಮನ್ನಾ ಆಗಬಾರದು ಅಂತ ದೂರು ಹಾಕಬೇಕು. ಸಭೆ ಮುಂದೆ ಹೋದರೂ ಲೆಕ್ಕ ಆ ದಿನದಿಂದಲೇ. ಜಾಸ್ತಿ ಸಮಯ ಬೇಕಾದರೂ ಗಡುವು ಮುಗಿಯುವ ಮುಂಚೆಯೇ ಕೇಳಬೇಕು.

ಶೆಡ್ಯೂಲ್ ಡಿ ಮತ್ತು ಇಮೇಲನ್ನು ಅಕ್ಕಪಕ್ಕ ಇಟ್ಟು ಎದುರು ವಕೀಲರಿಗೆ ಕಳಿಸಿದೆ. ರಾಜಿಗೆ ಬಂದರು. ಈ ಸಾಲ ಮನ್ನಾ ಆಗದು ಅಂತ ಇಬ್ಬರ ಒಪ್ಪಿಗೆಯ ಮೇಲೆ ಕೋರ್ಟ್ ಆದೇಶ ಮಾಡಿತು. ಹಣ ಈಗ ತಿಂಗಳ ಕಂತಿನಲ್ಲಿ ಬರುತ್ತಿದೆ.