ಎಡಗಣ್ಣಿನ ಸಿಲಿಂಡರ್ ಮತ್ತು ನನ್ನ ರಾತ್ರಿ ಮ್ಯಾಚುಗಳು

ಹಗಲಿನ ಮ್ಯಾಚಿನಲ್ಲಿ ಮೂವತ್ತು, ನಲವತ್ತು ಹೊಡೆಯುತ್ತಿದ್ದೆ. ಫ್ಲಡ್‌ಲೈಟ್ ಹತ್ತಿದರೆ ಮೂರು, ಐದು, ಸೊನ್ನೆ. ಅದೇ ಬ್ಯಾಟು, ಅದೇ ಬೌಲರುಗಳು. ಎರಡು ಸೀಸನ್ ಹೀಗೇ ಕಳೆಯಿತು. ಕಾರವಾರದ ಮಾಲಾದೇವಿ ಮೈದಾನದಲ್ಲಿ ಒಂದು ರಾತ್ರಿ ನೆಟ್ಟಗೆ ಬಂದ ಫುಲ್‌ಟಾಸಿಗೆ ಬೌಲ್ಡ್ ಆದೆ. ನಮ್ಮ ಕ್ಯಾಪ್ಟನ್ ಬಂದು, "ವಯಸ್ಸಾಯ್ತು ಮಾರಾಯಾ, ಇನ್ನು ಅಂಪೈರಿಂಗ್ ಮಾಡು" ಅಂದ. ನನಗೆ ಆಗ 37.

ಮೊದಲು ದುಡ್ಡು ಹಾಳು ಮಾಡಿದ ಕಥೆ ಹೇಳುತ್ತೇನೆ. ಹಗುರ ಬ್ಯಾಟು ತಂದೆ, ಎರಡೂವರೆ ಸಾವಿರ ಹೋಯಿತು. ಕಾಲು ಹೋಗುತ್ತಿಲ್ಲ ಅಂತ ಯಾರೋ ಹೇಳಿದರು, ಹೊಸ ಶೂ ಬಂತು. ಸ್ಟಾನ್ಸ್ ತೆರೆದು ನಿಂತು ನೋಡಿದೆ, ಅಡ್ಡ ಬೀಸಿ ಮಿಡ್‌ವಿಕೆಟ್ಟಿನಲ್ಲಿ ಕ್ಯಾಚ್ ಕೊಡುವುದು ಶುರುವಾಯಿತು. ಊರಲ್ಲಿ ನಡೆದ ಕಣ್ಣಿನ ಕ್ಯಾಂಪಿಗೂ ಹೋಗಿದ್ದೆ. ಬೋರ್ಡಿನ ಕೊನೆ ಸಾಲಿನವರೆಗೆ ಓದಿದೆ, ಏನೂ ತೊಂದರೆ ಇಲ್ಲ ಅಂದರು. ಅಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದಿದ್ದೆ ಅಂತ ಆಮೇಲೆ ಹೊಳೆಯಿತು. ಹಾಗೆ ಮಾಡಿದರೆ ಮಸುಕು ಸ್ವಲ್ಪ ಹೊತ್ತು ಮುಚ್ಚಿಹೋಗುತ್ತದೆ. ಕ್ರೀಸಿನಲ್ಲಿ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ಸುಳಿವು ಸಿಕ್ಕಿದ್ದು ಹೆದ್ದಾರಿಯಲ್ಲಿ. ಅಂಕೋಲಾದಿಂದ ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ಲಾರಿಯ ದೀಪ ಮೇಲೆ ಕೆಳಗೆ ಗೆರೆ ಎಳೆದ ಹಾಗೆ ಕಂಡಿತು. ಬಲಗಣ್ಣು ಮುಚ್ಚಿದೆ, ಗೆರೆ ಇನ್ನೂ ಉದ್ದವಾಯಿತು. ಎಡಗಣ್ಣು ಮುಚ್ಚಿದೆ, ದೀಪ ದುಂಡಗಾಯಿತು. (ಬೈಕ್ ನಿಲ್ಲಿಸಿಯೇ ನೋಡಿದ್ದು, ಬೈಯಬೇಡಿ.) ಮರುದಿನ ಚಷ್ಮಾ ಅಂಗಡಿಯ ಹುಡುಗ, "ಅಣ್ಣಾ, ಎಡಕ್ಕೆ ಸಿಲಿಂಡರ್ ಒಂದೂಕಾಲು ಇದೆ, ಗೊತ್ತಿರಲಿಲ್ವಾ?" ಅಂದ. ಸಿಲಿಂಡರ್ ಅಂದರೆ ಕಣ್ಣು ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದೆ ದೀಪ, ಗೆರೆ ಎಳೆದಂತೆ ಕಾಣುವ ದೋಷ, ಅದನ್ನು ಸರಿ ಮಾಡಲು ಚಷ್ಮಾದಲ್ಲಿ ಹಾಕುವ ನಂಬರಿಗೂ ಅದೇ ಹೆಸರು. ನಾನು ಬಲಗೈ ಬ್ಯಾಟ್ಸ್‌ಮನ್. ಬೌಲರ್ ಕಡೆ ಮುಂದಿರುವುದೇ ಎಡಗಣ್ಣು! ಕತ್ತಲಾದರೆ ಪಾಪೆ ಅಗಲವಾಗುತ್ತದೆ, ಇದ್ದ ದೋಷ ಜಾಸ್ತಿ ಕಾಣುತ್ತದೆ. ಹಗಲು ಹುಲಿ, ರಾತ್ರಿ ಇಲಿ ಆಗಿದ್ದು ಇದಕ್ಕೇ.

ಟೀಮಿನವರು ನಕ್ಕರು. "ಪಟೌಡಿ ಒಂದೇ ಕಣ್ಣಲ್ಲಿ ಆಡಿದ" ಅಂದರು. ಹೌದು, 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋದ ಮೇಲೂ ಆಡಿದ, 21ಕ್ಕೆ ಭಾರತ ತಂಡದ ಕ್ಯಾಪ್ಟನ್ನೂ ಆದ. ಆದರೆ ಎರಡೆರಡು ಚೆಂಡು ಕಾಣುತ್ತಿದ್ದುದಕ್ಕೆ ಟೋಪಿಯನ್ನು ಆ ಕಣ್ಣಿನ ಮೇಲೆ ಎಳೆದುಕೊಳ್ಳುತ್ತಿದ್ದನಲ್ಲ, ಅದನ್ನು ಯಾರೂ ಹೇಳುವುದಿಲ್ಲ. ನಾನೂ ಎಡಗಣ್ಣಿಗೆ ಪಟ್ಟಿ ಕಟ್ಟಿ ನೆಟ್‌ನಲ್ಲಿ ಆಡಿ ನೋಡಿದೆ. ಚೆಂಡು ಚೆನ್ನಾಗಿ ಕಾಣುತ್ತದೆ, ಎಷ್ಟು ದೂರದಲ್ಲಿದೆ ಅಂತ ತಿಳಿಯುವುದಿಲ್ಲ. ಹತ್ತು ಚೆಂಡಿನಲ್ಲಿ ಏಳು ಬ್ಯಾಟಿನ ತುದಿಗೆ. ನಾನು ಪಟೌಡಿ ಅಲ್ಲ.

ಚಷ್ಮಾ ಹಾಕಿದ ಮೊದಲ ವಾರ ಪಿಚ್ಚೇ ಒಂದು ಕಡೆ ವಾಲಿದ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಇಡೀ ದಿನ ಹಾಕಿಕೊಂಡು ಓಡಾಡಿದೆ, ಎಂಟು ಹತ್ತು ದಿನಕ್ಕೆ ಸರಿಯಾಯಿತು. ಆಮೇಲೆ ಬೆವರು. ನಮ್ಮ ಕರಾವಳಿಯ ಸೆಕೆ ನಿಮಗೇ ಗೊತ್ತಲ್ಲ, ಎರಡನೇ ಓವರಿಗೆ ಚಷ್ಮಾ ಮೂಗಿನ ತುದಿಗೆ. ಒಂದು ಕಿವಿಯ ಕಡೆ ಜಾರಿ ವಾರೆಯಾದರಂತೂ ಮುಗಿಯಿತು. ಸಿಲಿಂಡರ್ ಹತ್ತು ಡಿಗ್ರಿ ತಿರುಗಿದರೆ ಅದರ ಲಾಭದ ಮೂರನೇ ಒಂದು ಭಾಗ ಹೋದ ಲೆಕ್ಕ. ಕಾಂಟ್ಯಾಕ್ಟ್ ಲೆನ್ಸ್ ತಂದೆ, ದ್ರಾವಣ ಸೇರಿ ಸುಮಾರು ಎರಡು ಸಾವಿರ. ಸಮುದ್ರದ ಗಾಳಿಗೆ ಮರಳು ಹಾರಿ ಕಣ್ಣು ಉಜ್ಜಿಕೊಂಡೆ, ಲೆನ್ಸ್ ಹುಲ್ಲಲ್ಲಿ ಬಿತ್ತು. ಹನ್ನೊಂದು ಜನ ಟಾರ್ಚ್ ಹಿಡಿದು ಹುಡುಕಿದೆವು. ಸಿಗಲಿಲ್ಲ.

ಕೊನೆಗೆ ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್) ಗಾಜಿನ ಚಷ್ಮಾ, ಹಿಂದೆ ರಬ್ಬರ್ ಪಟ್ಟಿ. ಒಟ್ಟು ಮೂರು ಸಾವಿರದ ಆಸುಪಾಸು. ಪಟ್ಟಿ ಎಲ್ಲರೂ ಕಟ್ಟುತ್ತಾರೆ, ನಾನು ಕಟ್ಟುವ ರೀತಿ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರುವ ತಿಂಗಳು ಕುಮಟಾದಲ್ಲಿ ಟೂರ್ನಮೆಂಟ್ ಇದೆ.

ಮಧ್ಯೆ ಇನ್ನೊಂದು ಹುಚ್ಚು. ಚೆಂಡುಗಳಿಗೆ ಬಣ್ಣದ ಚುಕ್ಕೆ ಹಾಕಿ, ಬಣ್ಣ ಕೂಗಿ ಹೇಳಿದ ಮೇಲೇ ಹೊಡೆಯುವ ಅಭ್ಯಾಸ. ಬೈತಖೋಲ ಬಂದರಿನಲ್ಲಿ ದೋಣಿಗೆ ಬಳಿಯುವ ಪೇಂಟು ಸುಮ್ನೆ ಸಿಕ್ಕಿತ್ತು, ಅದನ್ನೇ ಹಚ್ಚಿದೆ. ಒಣಗಿದ ಮೇಲೆ ಚೆಂಡು ಕಲ್ಲಾಯಿತು, ಅಳಿಯನ ಹೆಬ್ಬೆರಳು ಊದಿಕೊಂಡಿತು. ಈಗ ಮಾರ್ಕರ್ ಪೆನ್ನು. ಮೊದಲು ಹತ್ತಕ್ಕೆ ಮೂರು ಬಣ್ಣ ಸರಿ ಹೇಳುತ್ತಿದ್ದೆ, ಎರಡು ತಿಂಗಳಿಗೆ ಏಳೆಂಟು.

ಕಳೆದ ಸೀಸನ್ನಿನಲ್ಲಿ ಒಂಬತ್ತು ರಾತ್ರಿ ಮ್ಯಾಚು, ನೆನಪಿದ್ದ ಹಾಗೆ 260 ಚಿಲ್ಲರೆ ರನ್. ಬೌಲ್ಡ್ ಆಗಿದ್ದು ಒಂದೇ ಸಲ, ಅದೂ ಗಾಜಿಗೆ ಮಂಜು ಹಿಡಿದಾಗ. ಮಂಜಿಗೆ ಪಾತ್ರೆ ಸೋಪು ಸವರಿ ನೋಡಿದೆ, ಬೆವರು ಸೇರಿ ಕಣ್ಣು ಉರಿಯಿತು. ಈಗ ಶೇವಿಂಗ್ ಫೋಮ್ ಹಚ್ಚಿ ಒರೆಸುತ್ತಿದ್ದೇನೆ, ಐದು ಓವರ್ ತಡೆಯುತ್ತದೆ. ನಮ್ಮದು ಎಂಟು ಓವರಿನ ಮ್ಯಾಚು.